ಪಾಕ ಸ್ಪರ್ಧೆಯ ಬಹುಮಾನವೂ ಗದ್ದೆಯ ಬೀಜವೂ



ಈ ಪುಟದಲ್ಲಿ ಗೊಬ್ಬರ, ಕೊಳೆರೋಗ, ಬಿತ್ತನೆ ಬೀಜಗಳ ವಿಷಯ ಓದಿ ರೂಢಿಯಾದ ನಿಮಗೆ ಪಾಕ ಸ್ಪರ್ಧೆಯ ಮಾತು ಬಂದರೆ, ‘ಇದು ಹೆಂಗಸರ ಪುಟಕ್ಕೆ ಸೇರಿದ್ದಲ್ಲವೇ?’ ಎನ್ನಿಸಬಹುದು. ಹಾಗೆಂದು ಪುಟ ಮಗುಚಬೇಡಿ. ಒಲೆಯ ಮೇಲೆ ಏರದ ಧಾನ್ಯ ಗದ್ದೆಯಲ್ಲಿಯೂ ಬಹಳ ಕಾಲ ಉಳಿಯುವುದಿಲ್ಲ. ಮನೆಯಲ್ಲಿ ಯಾವುದನ್ನು ಬೇಯಿಸುತ್ತಾರೋ ಅದರ ಬೀಜವನ್ನು ನಾವು ತೆಗೆದಿಡುತ್ತೇವೆ, ಬೇಯಿಸದ್ದನ್ನು ಮರೆಯುತ್ತೇವೆ. ಆದ್ದರಿಂದ ಅಡುಗೆಯ ಬಹುಮಾನ ಯಾವ ತಟ್ಟೆಗೆ ಹೋಯಿತು ಎಂಬುದು ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಬೇಸಾಯಗಾರರಿಗೂ ಸಂಬಂಧಪಟ್ಟ ವಿಷಯವೇ.

ವಿಶ್ವಸಂಸ್ಥೆಯು 2023ನೇ ಇಸವಿಯನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿತ್ತು. ಬೆಂಗಳೂರಿನಲ್ಲಿ 2024 ಮತ್ತು 2025ರ ಜನವರಿಯಲ್ಲಿ ಸಾವಯವ ಮತ್ತು ಸಿರಿಧಾನ್ಯ ಅಂತರರಾಷ್ಟ್ರೀಯ ಮೇಳಗಳು ನಡೆದವು. ಅವುಗಳಿಗೆ ಮುಂಚಿತವಾಗಿ ಕೃಷಿ ಇಲಾಖೆಯು ಜಿಲ್ಲೆಗಳಲ್ಲಿ ಸಿರಿಧಾನ್ಯ ಹಾಗೂ ಮರೆತುಹೋದ ಖಾದ್ಯಗಳ ಪಾಕ ಸ್ಪರ್ಧೆಗಳನ್ನು ಏರ್ಪಡಿಸಿತು. ಸಿರಿಧಾನ್ಯದ ಸಿಹಿ, ಸಿರಿಧಾನ್ಯದ ಖಾರ, ಮರೆತುಹೋದ ಖಾದ್ಯ ಎಂಬುದಾಗಿ ವಿಭಾಗ ಮಾಡಲಾಗಿತ್ತು. ಇಂಥ ಸ್ಪರ್ಧೆ ಎಲ್ಲಿ ನಡೆದರೂ ಬಹುಮಾನ ಹಂಚಿ ಮುಗಿಯುವಷ್ಟರಲ್ಲಿ ವಾದ ಆರಂಭವಾಗಿಯೇ ಇರುತ್ತದೆ. ಬಸ್ಸಿನಲ್ಲಿ, ಹಾಲಿನ ಡೇರಿಯ ಎದುರಿಗೆ, ಸಂಘದ ಸಭೆಯಲ್ಲಿ ಆ ವಾದ ಮುಂದುವರಿಯುತ್ತದೆ. ಈ ವಾದಗಳನ್ನು ಹೊಟ್ಟೆಕಿಚ್ಚು ಎಂದು ತಳ್ಳಿಹಾಕುವುದು ಸರಿಯಲ್ಲ. ಅವುಗಳಲ್ಲಿ ನಮಗೆ ತಿಳಿಯಬೇಕಾದ ಅಂಶಗಳಿವೆ.

ಸಿರಿಧಾನ್ಯ ನಮ್ಮದೇ, ಪರರದೇ?

ಮೊದಲನೆಯ ವಾದ ಇದು. ‘ನವಣೆ, ಸಾಮೆ ಬಯಲುಸೀಮೆಯ ಬೆಳೆ. ಅಂಗಡಿಯಿಂದ ಪೊಟ್ಟಣ ತಂದು ಬೇಯಿಸಿದವರಿಗೆ ಬಹುಮಾನ. ಹಿತ್ತಲಿನ ಕೆಸುವಿನ ಎಲೆ ಕೊಯ್ದು ಪತ್ರೊಡೆ ಮಾಡಿದವರು ಬರಿಗೈಯಲ್ಲಿ ಮನೆಗೆ.’

ಈ ಮಾತಿನಲ್ಲಿ ಅರ್ಧ ಸತ್ಯವಿದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಮ್ಮ ಕರಾವಳಿಯಲ್ಲಿ ತಗ್ಗಿನ ಗದ್ದೆ ಭತ್ತಕ್ಕೇ ಮೀಸಲು. ಆದರೆ ಸಿರಿಧಾನ್ಯ ನಮಗೆ ತೀರ ಅಪರಿಚಿತವೂ ಅಲ್ಲ. ಹಿಂದೆ ಘಟ್ಟದ ಇಳಿಜಾರಿನಲ್ಲಿ ಕುಮರಿ ಬೇಸಾಯವಿದ್ದ ಕಾಲದಲ್ಲಿ ರಾಗಿ, ಸಾಮೆಗಳನ್ನು ಇಲ್ಲಿಯೂ ಬೆಳೆಯುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬ್ರಿಟಿಷ್ ಸರಕಾರ ಕುಮರಿಗೆ ನಿರ್ಬಂಧ ಹಾಕಿತು. ಬೆಳೆ ಹೋಯಿತು, ಅದರ ಹಿಂದೆಯೇ ಅಡುಗೆಯೂ ಹೋಯಿತು. ಬೆಳೆಗೂ ಅಡುಗೆಗೂ ಇರುವ ನಂಟಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಪೌಷ್ಟಿಕತೆಯ ದೃಷ್ಟಿಯಿಂದ ರಾಗಿಯ ಮೇಲ್ಮೆಯನ್ನು ಅಲ್ಲಗಳೆಯುವಂತಿಲ್ಲ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಮಿಕ್ಕಿ ಸುಣ್ಣದ ಅಂಶವಿರುತ್ತದೆ. ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ ಅದು ಹತ್ತರ ಆಸುಪಾಸು. ಬಾಣಂತಿಯರಿಗೆ, ಬೆಳೆಯುವ ಮಕ್ಕಳಿಗೆ ಇದು ಸಣ್ಣ ವ್ಯತ್ಯಾಸವಲ್ಲ. ಆದುದರಿಂದ ಅಂಗಡಿಯ ಧಾನ್ಯವೆಂದು ಮೂಗು ಮುರಿಯುವುದು ಬೇಡ. ಅದನ್ನು ನಮ್ಮ ಅಡುಗೆಯೊಳಗೆ ಸೇರಿಸಿಕೊಳ್ಳುವುದೇ ಜಾಣತನ. ಮೊಗೆಕಾಯಿ ತೆಳ್ಳೇವು ನಮ್ಮ ಕಡೆಯವರಿಗೆ ಗೊತ್ತಿರುವ ತಿಂಡಿ. ಅದಕ್ಕೆ ನೆನೆಹಾಕುವ ಅಕ್ಕಿಯಲ್ಲಿ ಕಾಲು ಭಾಗ ಕಡಿಮೆ ಮಾಡಿ, ಅಕ್ಕಿ ಮೊಗೆಕಾಯಿ ರುಬ್ಬಿದ ಮೇಲೆ ಅಷ್ಟೇ ತೂಕದ ರಾಗಿ ಹಿಟ್ಟನ್ನು ಕಲಸಿ, ತೆಳುವಾಗಿ ಹರವಿದರೆ ಬಣ್ಣ ಬದಲಾದೀತೇ ಹೊರತು ತಿಂಡಿಯ ಜಾತಿ ಕೆಡುವುದಿಲ್ಲ. ಹೊಸ ಧಾನ್ಯ ಮನೆಯೊಳಗೆ ಕಾಲಿಡಬೇಕಾದದ್ದು ಹೀಗೆ, ಹಳೆಯ ಕಾವಲಿಯ ಮೇಲಿಂದ.

ಮರೆತವರು ಯಾರು?

ಎರಡನೆಯ ವಾದ ಇನ್ನೂ ಗಟ್ಟಿಯಾದುದು. ‘ಮರೆತುಹೋದ ಖಾದ್ಯ’ ಎನ್ನುತ್ತಾರಲ್ಲ, ಮರೆತವರು ಯಾರು? ಮಳೆಗಾಲದ ಆರಂಭದಲ್ಲಿ ಚಗಟೆ ಸೊಪ್ಪಿನ ಪಲ್ಯ ಮಾಡುವ ಮನೆಗಳು ಈಗಲೂ ಇವೆ. ಕಳಲೆ, ಒಂದೆಲಗದ ತಂಬುಳಿ, ಅರಿಶಿನ ಎಲೆಯ ಕಡುಬು, ಹಲಸಿನ ಉಪ್ಪುಸೊಳೆ, ಮುರುಗಲ ಸಾರು ಇವನ್ನು ಪೇಟೆಯ ತೀರ್ಪುಗಾರರು ಮರೆತಿರಬಹುದು. ಹಳ್ಳಿಯ ಅಜ್ಜಿ ಮರೆತಿಲ್ಲ. ಭಟ್ಕಳದ ನವಾಯತರ ಮನೆಗಳಲ್ಲಿ ತೆಂಗಿನ ಹಾಲು, ಬೆಲ್ಲ ಹಾಕಿ ಮಾಡುವ ಗೋಡಾನ್, ಶೇವಿಗೆಯ ಬಿರಿಯಾನಿ ಅವರಿಗೆ ಮರೆತ ಅಡುಗೆಯಲ್ಲ, ಹಬ್ಬದ ಅಡುಗೆ. ಅಘನಾಶಿನಿಯ ಅಳಿವೆಯಲ್ಲಿ ಬಳಚು ಆಯುವ ಹೆಂಗಸರಿಗೆ ಬಳಚಿನ ಸುಕ್ಕ ಪ್ರದರ್ಶನದ ವಸ್ತುವಲ್ಲ, ರಾತ್ರಿಯ ಊಟ.

ಇದರಿಂದ ಎರಡು ವಿಷಯ ಸ್ಪಷ್ಟವಾಗುತ್ತವೆ. ಒಂದು, ಸ್ಪರ್ಧೆಗೆ ಬರುವವರಿಗಿಂತ ಬಾರದವರಲ್ಲಿ ಹೆಚ್ಚಿನ ತಿಳಿವಳಿಕೆ ಇರಬಹುದು. ಹಾಲಕ್ಕಿ, ಮೊಗೇರ, ಖಾರ್ವಿ, ನಾಮಧಾರಿ, ಹವ್ಯಕ, ನವಾಯತ ಹೀಗೆ ಒಂದೊಂದು ಕೇರಿಯ ಒಲೆಗೂ ಒಂದೊಂದು ವಿದ್ಯೆಯಿದೆ. ಎರಡು, ತೀರ್ಪು ಕೊಡುವವರ ಪೈಕಿ ಊರಿನ ಹಿರಿಯ ಹೆಂಗಸೊಬ್ಬರು ಇರಲೇಬೇಕು. ನಿಮ್ಮ ಊರಿನಲ್ಲಿ ಸ್ಪರ್ಧೆ ಇಟ್ಟರೆ ಮೀನು, ಶೆಟ್ಲಿ, ಬಳಚಿನ ಅಡುಗೆಗೂ ಪ್ರತ್ಯೇಕ ಮೇಜು ಹಾಕಿಸಿ. ಸಮುದ್ರದ ದಂಡೆಯಲ್ಲಿ ಕುಳಿತು ಮೀನನ್ನು ಮರೆತರೆ ಅದು ಅರ್ಧ ಸ್ಪರ್ಧೆ.

ಒಂದು ಎಚ್ಚರಿಕೆಯ ಮಾತು. ಕಾಡಿನ ಸೊಪ್ಪು, ಗೆಡ್ಡೆಗಳನ್ನು ಗುರುತು ಬಲ್ಲವರನ್ನು ಕೇಳದೆ ತರಬಾರದು. ಕೆಸುವಿನ ತುರಿಕೆಗೆ ಹುಣಸೆ ಇಲ್ಲವೆ ಬೇರೆ ಹುಳಿ ಸೇರಿಸಿ ಚೆನ್ನಾಗಿ ಬೇಯಿಸಬೇಕೆಂಬುದು ನಿಮಗೆ ತಿಳಿದದ್ದೇ. ಬಹುಮಾನದ ಆಸೆಗೆ ಹೊಸ ಪ್ರಯೋಗವನ್ನು ತೀರ್ಪುಗಾರರ ನಾಲಿಗೆಯ ಮೇಲೆ ಮಾಡತಕ್ಕದ್ದಲ್ಲ.

ಕಗ್ಗದ ಪಾಠ

ಈಗ ಮುಖ್ಯ ವಿಷಯಕ್ಕೆ ಬರೋಣ. ಕುಮಟಾ ತಾಲೂಕಿನ ಮಾಣಿಕಟ್ಟಾ ಮತ್ತು ಆಸುಪಾಸಿನ ಗಜನಿ ಭೂಮಿಯಲ್ಲಿ ಬೆಳೆಯುವ ಕಗ್ಗ ಭತ್ತ ನಿಮಗೆಲ್ಲ ಗೊತ್ತು. ಉಪ್ಪುನೀರನ್ನು ತಡೆದುಕೊಳ್ಳುವ ತಳಿ. ನೆರೆಯಲ್ಲಿ ಮುಳುಗಿದರೂ ಚೇತರಿಸಿಕೊಳ್ಳುವಷ್ಟು ಎತ್ತರ. ಕಾಳಿಗೆ ಮೀಸೆ, ಅಕ್ಕಿ ಕೆಂಪು. ರಾಸಾಯನಿಕ ಗೊಬ್ಬರದ ಹಂಗಿಲ್ಲ. ಹೊಳೆ ತರುವ ಕೆಸರೇ ಗೊಬ್ಬರ. ಕೊಯ್ಲಾದ ಮೇಲೆ ಜಂತ್ರಡಿಯ ಮೂಲಕ ನೀರು ಬಿಟ್ಟುಕೊಂಡರೆ ಕೂಳೆಯ ನಡುವೆ ಮೀನು, ಶೆಟ್ಲಿ ಬೆಳೆಯುತ್ತವೆ. ಒಂದೇ ಗದ್ದೆ ಅನ್ನವನ್ನೂ ಮೀನನ್ನೂ ಕೊಡುವ ಇಂಥ ಪದ್ಧತಿ ಎಲ್ಲೆಡೆ ಸಿಕ್ಕುವಂಥದಲ್ಲ. ಅಘನಾಶಿನಿ ಅಳಿವೆಯು ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿದ ಸಂಗತಿ 2024ರ ಜನವರಿಯಲ್ಲಿ ಪ್ರಕಟವಾಯಿತು. ಆ ಗೌರವದಲ್ಲಿ ಗಜನಿಗೂ ಪಾಲಿದೆಯೆಂದು ನಾವು ಹೆಮ್ಮೆಪಡಬಹುದು.

ಆದರೂ ಕಗ್ಗದ ಕ್ಷೇತ್ರ ಕುಗ್ಗುತ್ತ ಬಂತು. ಗಜನಿಗಳು ಶೆಟ್ಲಿ ಸಾಕಣೆಯತ್ತ ಹೊರಳಿದವು, ಕಟ್ಟೆಗಳು ಒಡೆದವು, ಆಳು ಸಿಗದಾಯಿತು. ಈ ಕಾರಣಗಳನ್ನು ಎಲ್ಲರೂ ಹೇಳುತ್ತಾರೆ. ಇನ್ನೊಂದು ಕಾರಣವನ್ನು ಮಾತ್ರ ಹೇಳುವವರು ಕಡಿಮೆ. ಕೆಂಪಕ್ಕಿಯ ಗಂಜಿ ನಮ್ಮ ಮಕ್ಕಳಿಗೆ ಬೇಡವಾಯಿತು. ಸೊಸಾಯಿಟಿಯ ಬಿಳಿ ಅಕ್ಕಿ, ಪೇಟೆಯ ಸಣ್ಣಕ್ಕಿ ಬಟ್ಟಲಿಗೆ ಬಂದವು. ಉಣ್ಣುವವರಿಲ್ಲದ ಅಕ್ಕಿಯನ್ನು ಬೆಳೆಯುವವನು ಎಷ್ಟು ವರ್ಷ ಬೆಳೆದಾನು?

ಇಲ್ಲೊಂದು ತಾಂತ್ರಿಕ ವಿಚಾರವನ್ನು ನೀವು ಗಮನಿಸಬೇಕು. ಭತ್ತದ ಬೀಜವನ್ನು ಪೆಟ್ಟಿಗೆಯಲ್ಲಿಟ್ಟು ಹತ್ತು ವರ್ಷದ ಅನಂತರ ಬಿತ್ತುತ್ತೇವೆಂದರೆ ಆಗುವುದಿಲ್ಲ. ನಮ್ಮ ಕರಾವಳಿಯ ತೇವದ ಹವೆಯಲ್ಲಿ ಒಂದೆರಡು ಮಳೆಗಾಲ ಕಳೆದರೆ ಅದರ ಮೊಳಕೆಯ ಶಕ್ತಿ ಕುಂದುತ್ತದೆ. ವರ್ಷ ವರ್ಷ ಬಿತ್ತಿ, ಬೆಳೆದು, ಒಣಗಿಸಿ ಇಟ್ಟರೆ ಮಾತ್ರ ತಳಿ ಉಳಿದೀತು. ಒಂದು ಊರಿನವರೆಲ್ಲ ಎರಡು ಮೂರು ವರ್ಷ ಸಾಲಾಗಿ ಬಿತ್ತುವುದನ್ನು ಬಿಟ್ಟರೆ, ನಾಲ್ಕನೆಯ ವರ್ಷ ಬೇಕೆಂದರೂ ಅಂಗಡಿಯಲ್ಲಿ ಕೊಳ್ಳಲು ಸಿಗದು. ಸಮುದ್ರದ ಉಪ್ಪು ಒಳನುಗ್ಗುವ ಭಯ ಹೆಚ್ಚುತ್ತಿರುವ ಈ ದಿನಗಳಲ್ಲಿ ಉಪ್ಪು ತಾಳುವ ತಳಿಯನ್ನು ಕೈಬಿಡುವುದೆಂದರೆ ಛತ್ರಿಯನ್ನು ಮಾರಿ ಮಳೆಗೆ ಹೊರಟಂತೆ.

ಪಾಕ ಸ್ಪರ್ಧೆಯ ನಿಜವಾದ ಪ್ರಯೋಜನ ಇಲ್ಲಿದೆ. ಕಗ್ಗದ ಅಕ್ಕಿಯ ಗಂಜಿಯೋ, ಕಡುಬೋ, ರೊಟ್ಟಿಯೋ ಬಹುಮಾನ ಪಡೆದು ಹತ್ತು ಮನೆಯವರು ಆ ಅಕ್ಕಿ ಕೇಳಿಕೊಂಡು ಬಂದರೆ, ಬೆಳೆದವನಿಗೆ ಬಿತ್ತಲು ಒಂದು ಕಾರಣ ದೊರಕಿತು. ಕುಮಟೆಯ ಸಿಹಿ ಈರುಳ್ಳಿಯ ಕಥೆಯೂ ಇದೇ. ಅಳವೇಕೋಡಿ, ಹಂದಿಗೋಣದ ಕಡೆಯ ಈರುಳ್ಳಿಯ ಜಡೆಗಳನ್ನು ಬೇಸಿಗೆಯಲ್ಲಿ ಹೆದ್ದಾರಿಯ ಬದಿಯಲ್ಲಿ ತೂಗುಹಾಕುತ್ತಾರೆ; ದಾರಿಹೋಕರು ವಾಹನ ನಿಲ್ಲಿಸಿ ಕೊಳ್ಳುತ್ತಾರೆ. ಆ ರುಚಿ ಬೇಕೆನ್ನುವವರು ಇರುವುದರಿಂದ ಆ ಬೀಜ ಉಳಿದಿದೆ.

ನಮ್ಮ ಜಿಲ್ಲೆಯಲ್ಲಿಯೇ ಇದಕ್ಕೆ ಮೇಲ್ಪಂಕ್ತಿಗಳಿವೆ. ಶಿರಸಿಯಲ್ಲಿ 2001ರಲ್ಲಿ ಆರಂಭವಾದ ವನಸ್ತ್ರೀ ಬಳಗದ ಮಹಿಳೆಯರು ಮನೆತೋಟದ ಬೀಜಗಳನ್ನು ಉಳಿಸಿ ಹಂಚುವ ಕೆಲಸ ಮಾಡಿದ್ದಾರೆ. ಅವರ ಮಲೆನಾಡು ಮೇಳದಲ್ಲಿ ಬೀಜವೂ ತಿಂಡಿಯೂ ಒಂದೇ ಚಪ್ಪರದಡಿ ಇರುತ್ತವೆ. ಜೋಯಿಡಾದ ಗಡ್ಡೆ ಮೇಳದಲ್ಲಿ ಕುಣಬಿ ರೈತರ ಮುಡ್ಲಿ ಮೊದಲಾದ ಗಡ್ಡೆಗಳನ್ನು ನೋಡಲೂ ಕೊಳ್ಳಲೂ ದೂರದ ಊರಿನವರು ಬರುತ್ತಾರೆ. ರುಚಿ ನೋಡಿದವನು ಬೀಜ ಕೇಳುತ್ತಾನೆ. ಘಟ್ಟದ ಮೇಲೆ ಆದದ್ದು ಘಟ್ಟದ ಕೆಳಗೆ ಏಕಾಗಬಾರದು?

ಊರಿನ ಸ್ಪರ್ಧೆಗೆ ಅಂಕಪಟ್ಟಿ

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬ ಗಾದೆಯಿದೆ. ಸ್ಪರ್ಧೆಗಳಲ್ಲಿ ನೋಟಕ್ಕೇ ಹೆಚ್ಚಿನ ಅಂಕ ಹೋಗುವುದನ್ನು ಕಾಣುತ್ತೇವೆ. ತಟ್ಟೆಯ ಅಂಚಿಗೆ ಕ್ಯಾರೆಟ್ಟಿನ ಹೂವು ಇಟ್ಟವರು ಮುಂದೆ, ಬಾಳೆಲೆಯಲ್ಲಿ ಕಡುಬು ಇಟ್ಟವರು ಹಿಂದೆ. ಆದ್ದರಿಂದ ಯುವಕ ಮಂಡಲ, ಸ್ತ್ರೀಶಕ್ತಿ ಸಂಘ, ಹಾಲು ಉತ್ಪಾದಕರ ಸಂಘದವರು ಸ್ಪರ್ಧೆ ನಡೆಸುವಾಗ ನೂರು ಅಂಕಗಳನ್ನು ಹೀಗೆ ಹಂಚಬಹುದೆಂದು ನನ್ನ ಸಲಹೆ:

ರುಚಿಗೆ 30. ಪದಾರ್ಥಗಳು ನಮ್ಮ ಊರಿನ ಗದ್ದೆ, ತೋಟ, ಹೊಳೆಯವಾಗಿದ್ದರೆ 30. ಪೌಷ್ಟಿಕತೆಗೆ 15. ಕಡಿಮೆ ಖರ್ಚು ಮತ್ತು ಸುಲಭತೆಗೆ 15. ಶುಚಿತ್ವ ಹಾಗೂ ಅಂದಕ್ಕೆ 10.

ಅಂಕಗಳನ್ನು ಮೊದಲೇ ಹಲಗೆಯ ಮೇಲೆ ಬರೆದು ಹಾಕಬೇಕು. ತೀರ್ಪು ಕೊಟ್ಟ ಮೇಲೆ ಯಾರಿಗೆ ಯಾವುದಕ್ಕೆ ಎಷ್ಟು ಬಂತೆಂದು ಓದಿ ಹೇಳಬೇಕು. ಆಗಲೂ ವಾದ ನಡೆಯುತ್ತದೆ. ಆದರೆ ಅದು ವ್ಯಕ್ತಿಯ ಮೇಲಿನ ವಾದವಾಗದೆ ಅಡುಗೆಯ ಮೇಲಿನ ವಾದವಾಗುತ್ತದೆ. ಪ್ರತಿ ತಟ್ಟೆಯ ಪಕ್ಕದಲ್ಲಿ ಆ ಧಾನ್ಯದ ಇಲ್ಲವೆ ತರಕಾರಿಯ ಬೀಜವನ್ನು ಒಂದು ಕರಟದಲ್ಲಿ ಇಡಿಸಿ, ಬೆಳೆದ ರೈತನ ಹೆಸರನ್ನೂ ಬರೆಸಿದರೆ ಇನ್ನೂ ಉತ್ತಮ.

ಸ್ಪರ್ಧಿಸುವ ತಾಯಂದಿರಿಗೆ ಒಂದು ಮಾತು. ‘ಒಂದು ಹಿಡಿ, ಒಂದು ಚಿಟಿಕೆ, ಹದಕ್ಕೆ ತಕ್ಕಷ್ಟು’ ಎಂಬ ಅಳತೆ ನಿಮ್ಮ ಕೈಗೆ ಸಾಕು; ಮಗಳ ಕೈಗೆ ಸಾಲದು. ಒಮ್ಮೆ ತಕ್ಕಡಿ ಇಟ್ಟು ಗ್ರಾಂ ಲೆಕ್ಕದಲ್ಲಿ ತೂಗಿ, ನೆನೆಸುವ ತಾಸು, ಬೇಯಿಸುವ ನಿಮಿಷ ಸಮೇತ ಬರೆದಿಡಿ. ಅತ್ತೆಯಿಂದ ಕಲಿತದ್ದಾದರೆ ಅತ್ತೆಯ ಹೆಸರನ್ನೂ ಬರೆಯಿರಿ. ಬಹುಮಾನ ಒಬ್ಬರಿಗೆ ಬಂದರೂ ವಿದ್ಯೆ ಇಬ್ಬರದು.

ಬಹುಮಾನದ ಅನಂತರ

ಬಹುಮಾನ ಬಂದ ತಿಂಡಿಗೆ ಬೇಡಿಕೆ ಬಂದರೆ ಲೆಕ್ಕ ತಪ್ಪಬಾರದು. ಉದಾಹರಣೆಗೆ, ನೂರು ಹಲಸಿನ ಹಪ್ಪಳಕ್ಕೆ ಪದಾರ್ಥದ ವೆಚ್ಚ 80 ರೂಪಾಯಿ, ಸೌದೆ ಮತ್ತು ಪೊಟ್ಟಣಕ್ಕೆ 20 ರೂಪಾಯಿ, ಮೂರು ತಾಸಿನ ದುಡಿಮೆಗೆ ತಾಸಿಗೆ 50ರಂತೆ 150 ರೂಪಾಯಿ ಎಂದು ಹಿಡಿಯಿರಿ. ಒಟ್ಟು 250 ಆಯಿತು. ಹಪ್ಪಳವೊಂದಕ್ಕೆ ಎರಡೂವರೆ ರೂಪಾಯಿ ಅಸಲು. ಎರಡು ರೂಪಾಯಿಗೆ ಮಾರಿದರೆ ಕೈಗೆ ಕಾಸು ಬಂದಂತೆ ಕಂಡರೂ 50 ರೂಪಾಯಿ ಕೂಲಿಯನ್ನು ಬಿಟ್ಟುಕೊಟ್ಟಂತಾಯಿತು. ಮನೆಯ ಹೆಂಗಸರ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯದಿರುವುದು ನಮ್ಮಲ್ಲಿ ಹಳೆಯ ರೂಢಿ. ಬಾಂಧವರೇ, ಇದನ್ನು ಬಿಡುವ ಕಾಲ ಬಂದಿದೆ. ಮಾರಾಟ ಮಾಡುವವರು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯಂತೆ ಹೆಸರು ನೋಂದಾಯಿಸಿಕೊಳ್ಳುವುದನ್ನೂ ಮರೆಯಬಾರದು.

ಹಾಗೆಯೇ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ, 2001ರ ಪ್ರಕಾರ ತಾವು ಕಾಪಾಡಿಕೊಂಡು ಬಂದ ತಳಿಯನ್ನು ರೈತರೂ ನೋಂದಾಯಿಸಲು ಅವಕಾಶವಿದೆ. ಬೀಜವನ್ನು ಉಳಿಸುವ, ಬಿತ್ತುವ, ಪರಸ್ಪರ ಹಂಚಿಕೊಳ್ಳುವ ಹಕ್ಕು ನಿಮ್ಮದು. ವಿವರಗಳಿಗೆ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿರಿ.

ಕೊನೆಯದಾಗಿ ಒಂದು ಕೆಲಸ. ಈ ವಾರ ಮನೆಯಲ್ಲಿ ಹಿರಿಯರನ್ನು ಕೇಳಿ, ಹಿಂದೆ ಉಣ್ಣುತ್ತಿದ್ದು ಈಗ ಮಾಡದಿರುವ ಐದು ಅಡುಗೆಗಳ ಪಟ್ಟಿ ಬರೆಯಿರಿ. ಪ್ರತಿಯೊಂದರ ಎದುರಿಗೆ ಅದಕ್ಕೆ ಬೇಕಾದ ಬೆಳೆ ನಿಮ್ಮ ಜಮೀನಿನಲ್ಲಿ ಇದೆಯೇ ಎಂದು ಗುರುತು ಹಾಕಿರಿ. ‘ಇಲ್ಲ’ ಎಂದಿರುವ ಕಡೆ, ಆ ಬೀಜ ಊರಿನಲ್ಲಿ ಇನ್ನಾರ ಬಳಿ ಇದೆಯೆಂದು ವಾಚನಾಲಯದಲ್ಲಿ ಕುಳಿತವರನ್ನು ಕೇಳಿ. ಕಣಜದಲ್ಲಿ ಒಂದು ಸೇರು ಸಿಕ್ಕಿದರೂ ಸಾಕು. ಮುಂದಿನ ಮುಂಗಾರಿಗೆ ಅದು ಒಂದು ಗುಂಟೆಯ ಬೆಳೆ. ಅದರ ಮುಂದಿನ ವರ್ಷ ನಾಲ್ಕು ಮನೆಯ ಊಟ.