ನಿಂತ ಚಿತ್ರದೊಳಗೆ ಓಡುವ ಕೋಶ

‘ಪ್ರಾಣಿಕೋಶದ ಅಂದವಾದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ.’ ಹೈಸ್ಕೂಲು ದಾಟಿದವರಿಗೆಲ್ಲ ಗೊತ್ತಿರುವ ಪ್ರಶ್ನೆ ಇದು. ನಡುವೆ ದುಂಡನೆಯ ನ್ಯೂಕ್ಲಿಯಸ್, ಅಲ್ಲೊಂದು ಇಲ್ಲೊಂದು ಮೈಟೋಕಾಂಡ್ರಿಯ, ಮಿಕ್ಕದ್ದೆಲ್ಲ ಖಾಲಿ ಜಾಗ. ಹೀಗೇ ಕಾಣುವ ಕೋಶ ಯಾವ ಪ್ರಾಣಿಯಲ್ಲೂ ಇಲ್ಲ. ಈ ಚಿತ್ರ ಮೂರು ಶತಮಾನಗಳಲ್ಲಿ ಬಿಡಿಬಿಡಿಯಾಗಿ ಕೂಡಿಬಂದದ್ದು.

1665ರಲ್ಲಿ ರಾಬರ್ಟ್ ಹುಕ್ ಕಾರ್ಕಿನ ತೆಳು ಸೀಳಿನಲ್ಲಿ ಕಂಡದ್ದು ಸತ್ತ ಕೋಶಗಳ ಗೋಡೆಗಳನ್ನಷ್ಟೆ. ನ್ಯೂಕ್ಲಿಯಸ್‌ಗೆ ಆ ಹೆಸರಿಟ್ಟವರು ರಾಬರ್ಟ್ ಬ್ರೌನ್, 1831ರಲ್ಲಿ, ಆರ್ಕಿಡ್ ಗಿಡಗಳನ್ನು ನೋಡುತ್ತ. ಗಿಡ, ಪ್ರಾಣಿ ಎರಡೂ ಕೋಶಗಳಿಂದಲೇ ಆದವು ಎಂದು ಶ್ಲೈಡನ್ ಮತ್ತು ಶ್ವಾನ್ 1838–39ರಲ್ಲಿ ಸಾರಿದರು. ಆದರೆ ಬೆಳಕಿನ ಸೂಕ್ಷ್ಮದರ್ಶಕಕ್ಕೆ ಸುಮಾರು 200 ನ್ಯಾನೋಮೀಟರ್‌ಗಿಂತ ಹತ್ತಿರದ ಎರಡು ಚುಕ್ಕಿಗಳು ಬೇರೆಯಾಗಿ ಕಾಣುವುದಿಲ್ಲ. ಒಳಗಿನ ವಿವರ ಅಲ್ಲಿಗೇ ನಿಂತಿತು.

ಆ ಮಿತಿಯನ್ನು ಒಡೆದದ್ದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ. ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯ ಕೀತ್ ಪೋರ್ಟರ್ ಮತ್ತು ಆಲ್ಬರ್ಟ್ ಕ್ಲಾಡ್, ಜೊತೆಗಾರ ಅರ್ನೆಸ್ಟ್ ಫುಲ್ಲಮ್ ಅವರೊಂದಿಗೆ 1945ರಲ್ಲಿ ಕೋಳಿ ಭ್ರೂಣದ ಇಡೀ ಕೋಶವೊಂದರ ಚಿತ್ರ ಪ್ರಕಟಿಸಿದರು. ಮುಂದಿನ ದಶಕದಲ್ಲಿ ಅದೇ ಸಂಸ್ಥೆಯ ಜಾರ್ಜ್ ಪೆಲೇಡ್ ಮೈಟೋಕಾಂಡ್ರಿಯದ ಒಳಮಡಿಕೆಗಳನ್ನೂ ರೈಬೋಸೋಮ್‌ಗಳನ್ನೂ ತೋರಿಸಿದರು. ಪಠ್ಯಪುಸ್ತಕದ ಚಿತ್ರಕ್ಕೆ ಇಂದಿನ ರೂಪ ಬಂದದ್ದು ಆಗ.

ಇದಕ್ಕೆ ತೆತ್ತ ಬೆಲೆಯೂ ಇತ್ತು. ಆ ಉಪಕರಣದೊಳಗೆ ನಿರ್ವಾತ. ಕೋಶವನ್ನು ರಾಸಾಯನಿಕದಲ್ಲಿ ಗಟ್ಟಿಮಾಡಿ, ನೀರು ತೆಗೆದು, ಪ್ಲಾಸ್ಟಿಕ್‌ನಲ್ಲಿ ಹುದುಗಿಸಿ, ಸೀಳಬೇಕು. ವಿವರ ದಕ್ಕಿತು, ಚಲನೆ ಹೋಯಿತು.

ಚಲನೆಯನ್ನು ಮರಳಿ ಪಡೆಯಲು ಪೆಲೇಡ್ ಮತ್ತು ಜೇಮ್ಸ್ ಜೇಮೀಸನ್ 1960ರ ದಶಕದಲ್ಲಿ ಒಂದು ಉಪಾಯ ಹೂಡಿದರು. ಗಿನಿಯಿಲಿಯ ಮೇದೋಜ್ಜೀರಕ ಗ್ರಂಥಿಯ ಚೂರುಗಳಿಗೆ ಮೂರು ನಿಮಿಷ ವಿಕಿರಣಶೀಲ ಅಮೈನೊ ಆಮ್ಲ ಉಣಿಸಿ, ಬೇರೆ ಬೇರೆ ಹೊತ್ತಿಗೆ ಒಂದೊಂದು ಚೂರನ್ನು ತೆಗೆದು ಗಟ್ಟಿಮಾಡಿದರು. ಅದರಿಂದ ಕೋಶ ಕಟ್ಟಿದ ಹೊಸ ಪ್ರೋಟೀನಿನಲ್ಲಿದ್ದ ವಿಕಿರಣದ ಗುರುತು ಮೊದಲು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಂನಲ್ಲಿ, ಕೆಲವೇ ನಿಮಿಷಗಳಲ್ಲಿ ಗಾಲ್ಗಿ ಸಂಕೀರ್ಣದ ಬಳಿ, ಸುಮಾರು ಎರಡು ಗಂಟೆಗೆ ಹೊರಬೀಳಲು ಕಾದಿರುವ ಕಣಗಳಲ್ಲಿ ಸಿಕ್ಕಿತು. ಸತ್ತ ಕೋಶಗಳನ್ನೇ ಸಾಲಾಗಿಟ್ಟು ಬದುಕಿದ ಕೋಶದ ಕೆಲಸವನ್ನು ಓದಿದರು. 1974ರ ನೊಬೆಲ್ ಪೆಲೇಡ್, ಕ್ಲಾಡ್ ಮತ್ತು ಕ್ರಿಶ್ಚಿಯನ್ ಡಿ ಡೂವ್ ಅವರಿಗೆ ಸಂದಿತು.

ತರಗತಿಗೆ ಬಂದದ್ದು ಮಾತ್ರ ಚಿತ್ರ. ಹೊತ್ತಿನ ಲೆಕ್ಕ ಹಿಂದುಳಿಯಿತು. 2006ರಲ್ಲಿ ಹಾರ್ವರ್ಡ್‌ಗಾಗಿ ತಯಾರಾದ ‘ದಿ ಇನ್ನರ್ ಲೈಫ್ ಆಫ್ ದಿ ಸೆಲ್’ ಅನಿಮೇಷನ್ ಆ ಕೊರತೆಯನ್ನು ಒಂದಿಷ್ಟು ತುಂಬಿತು. ಅದರಲ್ಲಿ ಕೈನೆಸಿನ್ ಎಂಬ ಪ್ರೋಟೀನು ಮೂಟೆ ಹೊತ್ತು ಗಂಭೀರವಾಗಿ ನಡೆಯುತ್ತದೆ. ನಿಜದಲ್ಲಿ ನೀರಿನ ಅಣುಗಳು ಅದನ್ನು ಎಡೆಬಿಡದೆ ತಳ್ಳಾಡುತ್ತಿರುತ್ತವೆ. ಕಣ್ಣಿಗೆ ಕಾಣಲೆಂದು ಆ ನೂಕುನುಗ್ಗಲನ್ನು ಬದಿಗೆ ಸರಿಸಿದ್ದಾರೆ.

ಕಲಿಸಲು ದುಬಾರಿ ಅನಿಮೇಷನ್ನೇ ಬೇಕಿಲ್ಲ. ಹೈಡ್ರಿಲ್ಲಾ ಎಲೆಯೊಂದನ್ನು ನೀರಿನ ಹನಿಯಲ್ಲಿಟ್ಟು ಶಾಲೆಯ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಹಸಿರು ಕ್ಲೋರೋಪ್ಲಾಸ್ಟ್‌ಗಳು ಕೋಶದ ಗೋಡೆಯ ಅಂಚಿನಲ್ಲೇ ಸರಿಯುವುದು ಕಾಣುತ್ತದೆ. ಆಮೇಲೆ ಬೋರ್ಡಿನ ಮೇಲೆ ಪೆಲೇಡ್ ಕಂಡ ದಾರಿಗೆ ಬಾಣ ಹಾಕಿ ಪಕ್ಕದಲ್ಲಿ ನಿಮಿಷ ಬರೆದರೆ, ಬಾಯಿಪಾಠದ ಹೆಸರುಗಳು ಒಂದೇ ದಾರಿಯ ನಿಲ್ದಾಣಗಳಾಗುತ್ತವೆ.