ಜ್ವರದ ಮಾತ್ರೆ, ಮನಸ್ಸಿನ ಮಾತ್ರೆ

ಮಳೆಗಾಲದ ಮುಂಬಯಿಯಲ್ಲಿ ವೈರಸ್ ಜ್ವರ ಕರೆಯದೆ ಬರುವ ಅತಿಥಿ. ಮೈಕೈ ನೋವೆಂದು ಔಷಧದಂಗಡಿಯಿಂದ ಐಬುಪ್ರೊಫೆನ್ ತರಿಸಿ ನುಂಗುವುದು ನಮ್ಮಲ್ಲಿ ಅನೇಕರ ರೂಢಿ. ಲಿಥಿಯಂ ಸೇವಿಸುತ್ತಿರುವವರಿಗೆ ಈ ರೂಢಿ ಅಪಾಯಕರ.

ಉನ್ಮಾದಕ್ಕೆ ಲಿಥಿಯಂ ಉಪಯುಕ್ತವೆಂದು ಆಸ್ಟ್ರೇಲಿಯದ ಜಾನ್ ಕೇಡ್ 1949ರಲ್ಲಿ ತೋರಿಸಿಕೊಟ್ಟರು. ಮದ್ದೇನೋ ಉತ್ತಮವಾದುದೇ, ಆದರೆ ಗುಣ ನೀಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಬಹಳ ಕಿರಿದು. ರಕ್ತದಲ್ಲಿ ಲೀಟರಿಗೆ ಸುಮಾರು 0.6ರಿಂದ 1.0 ಮಿಲಿಮೋಲ್ ಇರಬೇಕಾದುದು 1.5 ದಾಟಿತೆಂದರೆ ವಿಷಲಕ್ಷಣಗಳು ತಲೆದೋರಬಹುದು. ಲಿಥಿಯಂ ದೇಹದಿಂದ ಹೊರಹೋಗುವುದು ಮೂತ್ರಪಿಂಡಗಳ ಮೂಲಕ. ಜ್ವರದ ಬೆವರು, ವಾಂತಿ, ಭೇದಿಗಳಿಂದ ನೀರೂ ಉಪ್ಪೂ ಕಡಮೆಯಾದಾಗ ಅವು ಉಪ್ಪಿನೊಡನೆ ಲಿಥಿಯಂ ಅನ್ನೂ ಹಿಡಿದಿಟ್ಟುಕೊಳ್ಳುತ್ತವೆ. ಐಬುಪ್ರೊಫೆನ್, ಡೈಕ್ಲೋಫೆನಾಕ್‌ಗಳು ಆ ಹಿಡಿತವನ್ನು ಇನ್ನಷ್ಟು ಬಿಗಿಗೊಳಿಸುತ್ತವೆ. ಕೈ ಜೋರಾಗಿ ನಡುಗುವುದು, ನಡಿಗೆ ತೂರಾಡುವುದು, ಮಾತು ತೊದಲುವುದು ಇವನ್ನೆಲ್ಲ ಮನೆಯವರು ಜ್ವರದ ನಿತ್ರಾಣವೆಂದೇ ಭಾವಿಸುವ ಸಂಭವವುಂಟು. ವಾಸ್ತವವಾಗಿ ಆಗ ತಡಮಾಡದೆ ಆಸ್ಪತ್ರೆಗೆ ಒಯ್ದು ರಕ್ತಪರೀಕ್ಷೆ ಮಾಡಿಸಬೇಕು. ಇಂಥವರ ಜ್ವರಕ್ಕೆ ಸಾಮಾನ್ಯವಾಗಿ ಪ್ಯಾರಸಿಟಮಾಲ್ ಲೇಸು.

ಕೋವಿಡ್‌ಗೆಂದು 2021ರಲ್ಲಿ ಬಳಕೆಗೆ ಬಂದ ನಿರ್ಮಾಟ್ರೆಲ್ವಿರ್ ಜೊತೆಗೆ ಕೊಡುವ ರಿಟೊನಾವಿರ್ ಕೂಡ ಇಂಥದೇ ತೊಡಕಿನದು: ಔಷಧಗಳನ್ನು ಕರಗಿಸುವ ಯಕೃತ್ತಿನ ಕಿಣ್ವವನ್ನು ತಡೆದು, ಕ್ವಟಿಯಾಪಿನ್, ಆಲ್ಪ್ರಜೋಲಾಂಗಳ ಮಟ್ಟವನ್ನು ಏರಿಸಿಬಿಡುತ್ತದೆ.

ನಮ್ಮವರಲ್ಲಿ ಕೆಲವರ ಮನೋರೋಗದ ಚೀಟಿ ಬೆಂಗಳೂರಿನ ನಿಮ್ಹಾನ್ಸ್‌ನದು. ಜ್ವರ ನೋಡುವವರು ಇಲ್ಲಿನ ಬೀದಿಯ ಡಾಕ್ಟರು. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಹತ್ತು ಜನರೆದುರು ನುಂಗುವ ನಾವು ಈ ಚೀಟಿಯನ್ನು ಮಾತ್ರ ಬೀರುವಿನಲ್ಲಿ ಬಚ್ಚಿಡುತ್ತೇವೆ! ಅದನ್ನು ಜ್ವರದ ಡಾಕ್ಟರಿಗೆ ತೋರಿಸಿ. ಲಿಥಿಯಂ ಅನ್ನು ಕೆಲವು ದಿನ ತಡೆಹಿಡಿಯಬೇಕೆ ಎಂಬುದನ್ನು ಮನೋವೈದ್ಯರಿಗೆ ಅಂದೇ ಫೋನ್ ಮಾಡಿ ಕೇಳಿ.