ಹಡೆದ ಮೆದುಳು, ಸಾಕಿದ ಮೆದುಳು

ಮಹಾಂತೇಶ ನಗರದ ಪ್ರೌಢಶಾಲೆಯೊಂದರಲ್ಲಿ ಅಭ್ಯಾಸ ಬೋಧನೆಯ ವೇಳೆ 10ನೇ ತರಗತಿಗೆ ನರವ್ಯೂಹ ಮತ್ತು ಹಾರ್ಮೋನುಗಳ ಪಾಠ ಮಾಡುತ್ತಿದ್ದೆ. "ಗರ್ಭಿಣಿಯಾದಾಗ ಹಾರ್ಮೋನುಗಳು ಮೆದುಳನ್ನು ಬದಲಿಸುತ್ತವೆ, ತಾಯ್ತನ ಬರುವುದು ಅದರಿಂದಲೇ" ಎಂದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: "ಟೀಚರ್, ನನ್ನ ಸಾಕಿದಾಕಿ ನಮ್ಮ ಚಿಗವ್ವ. ಅಕಿ ಹಡದಿಲ್ಲ. ಮತ್ತ ಅಕಿ ಮೆದುಳು ಬದಲಾಗಿಲ್ಲೇನ್ರಿ?" ನನ್ನಲ್ಲಿ ಉತ್ತರವಿರಲಿಲ್ಲ. "ನಾಳೆ ಹೇಳ್ತೀನಿ" ಎಂದು ಕೂರಿಸಿದೆ. ಓದಿಕೊಂಡು ಮರುದಿನ ಹೇಳಿದ್ದು ಇಷ್ಟು.

ನನ್ನ ಮಾತಿನ ಮೊದಲರ್ಧ ಸರಿ. 2016ರಲ್ಲಿ ಬಾರ್ಸಿಲೋನಾದ ಸಂಶೋಧಕರು 25 ಚೊಚ್ಚಲ ತಾಯಂದಿರ ಮೆದುಳಿನ ಎಂಆರ್‌ಐ ಚಿತ್ರಗಳನ್ನು ಗರ್ಭಧಾರಣೆಗೆ ಮೊದಲು ಮತ್ತು ಹೆರಿಗೆಯ ನಂತರ ತೆಗೆದು ಹೋಲಿಸಿದ ಅಧ್ಯಯನವನ್ನು ಪ್ರಕಟಿಸಿದರು. ಇತರರ ಮನಸ್ಸನ್ನು ಅರಿಯಲು ನೆರವಾಗುವ ಭಾಗಗಳಲ್ಲಿ ಬೂದು ದ್ರವ್ಯ ಕುಗ್ಗಿತ್ತು, ತಂದೆಯರಲ್ಲಿ ಹಾಗಾಗಿರಲಿಲ್ಲ. ಕುಗ್ಗಿತು ಎಂದರೆ ಬುದ್ಧಿ ಕಡಿಮೆಯಾಯಿತು ಎಂದಲ್ಲ. ನೆನಪಿನ ಪರೀಕ್ಷೆಯಲ್ಲಿ ಆ ತಾಯಂದಿರು ಹಿಂದೆ ಬೀಳಲಿಲ್ಲ. ತಮ್ಮ ಕೂಸಿನ ಚಿತ್ರ ಕಂಡಾಗ ಹೆಚ್ಚು ಸ್ಪಂದಿಸಿದ ಭಾಗಗಳಲ್ಲಿ ಕೆಲವು ಈ ಕುಗ್ಗಿದ ಭಾಗಗಳೇ. ಹದಿಹರೆಯದಲ್ಲೂ ಬೂದು ದ್ರವ್ಯ ಹೀಗೆಯೇ ತೆಳುವಾಗುತ್ತದೆ ಎಂದಾಗ ಮಕ್ಕಳಿಗೆ ಬೇಗ ತಿಳಿಯಿತು. ಅದು ಅವರದೇ ವಯಸ್ಸು.

ಆದರೆ "ಅದರಿಂದಲೇ" ಎಂದದ್ದು ತಪ್ಪು. ಗೂಡಿನಿಂದ ಹೊರಬಿದ್ದ ಇಲಿಮರಿ ಕೂಗಿದರೆ ತಾಯಿ ಹೋಗಿ ಎತ್ತಿ ತರುತ್ತದೆ. ಹಡೆಯದ ಹೆಣ್ಣಿಲಿ ಮೊದಲಿಗೆ ಲಕ್ಷ್ಯ ಕೊಡುವುದಿಲ್ಲ. ತಾಯಿ-ಮರಿಗಳ ಜೊತೆ ಇರಿಸಿದರೆ ಹಲವು ಇಲಿಗಳು ಕೆಲವು ದಿನಗಳಲ್ಲಿ ಕಲಿಯುತ್ತವೆ. ಆಕ್ಸಿಟೋಸಿನ್ ಹಾರ್ಮೋನು ಮೆದುಳಿನ ಶ್ರವಣ ಭಾಗವನ್ನು ಆ ಕೂಗಿಗೆ ಹದಗೊಳಿಸಿ ಈ ಕಲಿಕೆಯನ್ನು ಚುರುಕುಗೊಳಿಸುತ್ತದೆ ಎಂದು 2015ರಲ್ಲಿ ನ್ಯೂಯಾರ್ಕ್‌ನ ಬಿಯಾಂಕಾ ಜೋನ್ಸ್ ಮಾರ್ಲಿನ್ ಮತ್ತು ಸಂಗಡಿಗರು ತೋರಿಸಿದರು. ಮನುಷ್ಯರಲ್ಲಿ? 2014ರ ಇಸ್ರೇಲ್ ಅಧ್ಯಯನವೊಂದರಲ್ಲಿ, ತಾಯಿಯಿಲ್ಲದೆ ಕೂಸನ್ನು ತಾವೇ ಸಾಕುತ್ತಿದ್ದ ತಂದೆಯರ ಅಮಿಗ್ಡಾಲ ತಾಯಂದಿರಲ್ಲಿರುವಂತೆಯೇ ಹೆಚ್ಚು ಸ್ಪಂದಿಸಿತು. ಆರೈಕೆಗೆ ಹೆಚ್ಚು ಸಮಯ ಕೊಟ್ಟ ತಂದೆಯರಲ್ಲಿ ಸಂಬಂಧಿತ ಭಾಗಗಳ ನಡುವಣ ನಂಟೂ ಹೆಚ್ಚು ಬಲವಾಗಿತ್ತು.

"ನಿಮ್ಮ ಚಿಗವ್ವನ ಮೆದುಳನ್ನು ಯಾರೂ ಅಳೆದಿಲ್ಲ. ಆದರೆ ಹಡೆಯದವರ ಮೆದುಳೂ ಸಾಕುತ್ತಾ ಸಾಕುತ್ತಾ ಬದಲಾಗಬಲ್ಲದು" ಎಂದೆ. "ರಾತ್ರಿ ನಾ ಕೆಮ್ಮಿದ್ರ ಮೊದಲ ಅಕಿಗೇ ಎಚ್ಚರಾಗ್ತೈತ್ರಿ" ಎಂದಳು.

ಈಗ ನನ್ನ ಪಾಠಯೋಜನೆಯಲ್ಲಿ ಕಪ್ಪುಹಲಗೆಗೆ ಎರಡು ಕಾಲಂ ಇವೆ: "ಗರ್ಭಧಾರಣೆಯಿಂದ", "ಆರೈಕೆಯಿಂದ". ಸಹ ಪ್ರಶಿಕ್ಷಣಾರ್ಥಿಗಳಿಗೆ ನನ್ನ ವಿನಂತಿ: ಈ ಪಾಠದಲ್ಲಿ "ಅದರಿಂದಲೇ" ಎನ್ನುವ ಮೊದಲು ತರಗತಿಯನ್ನೊಮ್ಮೆ ನೋಡಿ. ಅಜ್ಜಿಯೋ ಅಪ್ಪನೋ ಚಿಗವ್ವನೋ ಸಾಕಿದ ಮಗು ಅಲ್ಲಿ ಕುಳಿತಿರಬಹುದು.